ಮೊದಲು ಮೂಗು, ಆಮೇಲೆ ನಾಲಿಗೆ: ಮಕ್ಕಳ ಬಾಯಿ ಮತ್ತು ಮುಖದ ಸ್ನಾಯುಗಳ ಥೆರಪಿಗೆ ಮನೆಯವರ ಮಾರ್ಗದರ್ಶಿ

ನಿಮ್ಮ ಮಗು ಟಿವಿ ನೋಡುತ್ತಾ ಕೂತಾಗ ಪಕ್ಕದಲ್ಲಿ ಕೂತು ಅದರ ಮುಖವನ್ನೇ ಐದು ನಿಮಿಷ ನೋಡಿ. ತುಟಿ ಮುಚ್ಚಿದೆಯಾ, ತೆರೆದಿದೆಯಾ? ತೆರೆದಿದ್ದರೆ ನಾಲಿಗೆ ಎಲ್ಲಿದೆ? ಕೆಳಗಿನ ಹಲ್ಲಿನ ಮೇಲೆ ಮಲಗಿದೆಯಾ? ಉಸಿರು ಮೂಗಿನಿಂದ ಬರುತ್ತಿದೆಯಾ, ಬಾಯಿಂದಲಾ? ಮಗುವಿಗೆ ಹೇಳಬೇಡಿ, ಸುಮ್ನೆ ನೋಡಿ.

ನನ್ನ ಮಗಳ ವಿಷಯದಲ್ಲಿ ಇದನ್ನು ಮೊದಲು ಗಮನಿಸಿದ್ದು ನಮ್ಮ ಅತ್ತೆ. ಅವಳಿಗೆ ಆಗ ಆರು ವರ್ಷ. "ಈ ಹುಡುಗಿ ಯಾವಾಗ್ಲೂ ಬಾಯಿ ಬಿಟ್ಕೊಂಡೇ ಇರ್ತಾಳಲ್ಲಮ್ಮಾ" ಅಂದರು. "ನೆಗಡಿ ಅತ್ತೆ" ಅಂದೆ. ನೆಗಡಿ ಹೋಯಿತು, ಬಾಯಿ ಮುಚ್ಚಲಿಲ್ಲ. ರಾತ್ರಿ ಗೊರಕೆ. ಬೆಳಗ್ಗೆ ದಿಂಬಿನ ಮೇಲೆ ಜೊಲ್ಲಿನ ಕಲೆ. ಒಂದು ತಟ್ಟೆ ಅನ್ನ ಮುಗಿಸಲು ಒಂದು ಗಂಟೆ. ಹಲ್ಲು ಕಚ್ಚು ಅಂದರೆ ಮೇಲಿನ ಮುಂದಿನ ಹಲ್ಲಿಗೂ ಕೆಳಗಿನದಕ್ಕೂ ನಡುವೆ ಸಂದು, ಅದರಲ್ಲಿ ನಾಲಿಗೆಯ ತುದಿ ಕಾಣುತ್ತಿತ್ತು.

ನಾವು ಮೊದಲು ಹೋದ ಕ್ಲಿನಿಕ್‌ನಲ್ಲಿ ಹಲ್ಲು ನೋಡಿದರು, ಮೂಗು ನೋಡಲಿಲ್ಲ. ರಾತ್ರಿ ಬಾಯಿಗೆ ಹಾಕಿ ಮಲಗಿಸಿ ಅಂತ ಒಂದು ಸಿಲಿಕಾನ್ ಟ್ರೇನರ್, ಅಂದರೆ ಹಲ್ಲು ನಾಲಿಗೆಯನ್ನು ಸರಿಯಾದ ಜಾಗದಲ್ಲಿ ಇಡಲು ಬಾಯಿಗೆ ಹಾಕುವ ಮೆತ್ತಗಿನ ಅಚ್ಚು, ಕೊಟ್ಟರು. ಮೂಗು ಕಟ್ಟಿರುವ ಮಗು ಬಾಯಿಗೂ ಒಂದು ವಸ್ತು ತುರುಕಿಕೊಂಡು ಹೇಗೆ ಮಲಗೀತು? ಪ್ರತಿ ರಾತ್ರಿ ಅಳು. ಬೆಳಗ್ಗೆ ಅದು ಮಂಚದ ಕೆಳಗೆ ಸಿಗುತ್ತಿತ್ತು. ಮೂರು ತಿಂಗಳು ಹೀಗೇ ಹೋಯಿತು. ಆಮೇಲೆ ಇಎನ್‌ಟಿ ಡಾಕ್ಟರ್ ಮೂಗಿನ ಹಿಂದೆ ಅಡಿನಾಯ್ಡ್ ಅನ್ನುವ ಮೆತ್ತಗಿನ ಗಂಟು ದೊಡ್ಡದಾಗಿದೆ ಅಂತ ತೋರಿಸಿದರು. ಆ ಮೂರು ತಿಂಗಳು ನನಗೆ ಇವತ್ತಿಗೂ ಸಂಕಟ ಕೊಡುತ್ತವೆ. ನಮ್ಮ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಈ ಥೆರಪಿಯಲ್ಲಿ ಕಸರತ್ತಿಗಿಂತ ಕ್ರಮ ಮುಖ್ಯ. ಮೊದಲು ಮೂಗು ತೆರೆಯಬೇಕು. ಆಮೇಲೆ ನಾಲಿಗೆಗೆ ಅದರ ಜಾಗ ಕಲಿಸಬೇಕು. ಕಸರತ್ತು ಬರುವುದು ಅದಾದ ಮೇಲೆ.

ಇದೇನು ಥೆರಪಿ?

ಡಾಕ್ಟರುಗಳು ಇದನ್ನು ಮಯೋಫಂಕ್ಷನಲ್ ಥೆರಪಿ ಅನ್ನುತ್ತಾರೆ. ತುಟಿ, ನಾಲಿಗೆ, ಕೆನ್ನೆ, ದವಡೆಯ ಸ್ನಾಯುಗಳು ಉಸಿರಾಡುವಾಗ, ಅಗಿಯುವಾಗ, ನುಂಗುವಾಗ, ಸುಮ್ಮನಿರುವಾಗ ಸರಿಯಾಗಿ ಕೆಲಸ ಮಾಡುವಂತೆ ಅಭ್ಯಾಸ ಮಾಡಿಸುವುದು. ಹೊಸದೇನಲ್ಲ. ಅಮೆರಿಕದ ಆಲ್‌ಫ್ರೆಡ್ ರೋಜರ್ಸ್ ಎಂಬ ದಂತವೈದ್ಯರು 1918ರಲ್ಲೇ ಹಲ್ಲು ಸರಿಪಡಿಸಲು ಸ್ನಾಯುಗಳ ವ್ಯಾಯಾಮವೂ ಬೇಕು ಅಂತ ಬರೆದಿದ್ದರು.

ಅದರ ಹಿಂದಿನ ವಿಚಾರ ಸರಳ. ಹಲ್ಲುಗಳ ಸಾಲು ಎರಡು ಗೋಡೆಗಳ ನಡುವೆ ನಿಂತಿದೆ. ಒಳಗಡೆ ನಾಲಿಗೆ, ಹೊರಗಡೆ ತುಟಿ ಮತ್ತು ಕೆನ್ನೆ. ನಾಲಿಗೆ ಮೇಲೆ, ಅಂಗುಳಕ್ಕೆ ತಾಗಿಕೊಂಡಿದ್ದರೆ ಎರಡೂ ಕಡೆಯ ಒತ್ತಡ ಸರಿಹೋಗುತ್ತದೆ. ಬಾಯಿ ತೆರೆದಾಗ ನಾಲಿಗೆ ಕೆಳಗೆ ಬೀಳುತ್ತದೆ. ಒಳಗಿನ ಆಸರೆ ತಪ್ಪುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇದು ವರ್ಷಗಟ್ಟಲೆ ಹೀಗೇ ಇದ್ದರೆ ಮೇಲಿನ ದವಡೆ ಇಕ್ಕಟ್ಟಾಗಬಹುದು, ಹಲ್ಲು ಮುಂದೆ ಬರಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನುಂಗುವಾಗ ನಾಲಿಗೆ ಹಲ್ಲನ್ನು ತಳ್ಳುವುದು ಒಂದೆರಡು ಕ್ಷಣ ಮಾತ್ರ. ದಿನದ ಎಲ್ಲಾ ನುಂಗುವಿಕೆ ಸೇರಿಸಿದರೂ ಕೆಲವೇ ನಿಮಿಷ. ಆದರೆ ಸುಮ್ಮನಿರುವಾಗ ನಾಲಿಗೆ ಎಲ್ಲಿ ಕೂತಿರುತ್ತದೋ ಆ ಹಗುರ ಒತ್ತಡ ಹಗಲೂ ರಾತ್ರಿ ಇರುತ್ತದೆ. ಹಲ್ಲನ್ನು ಸರಿಸುವುದು ಹೆಚ್ಚಾಗಿ ಇದೇ. ಅಮೆರಿಕದ ದಂತವೈದ್ಯ ವಿಲಿಯಂ ಪ್ರಾಫಿಟ್ 1978ರಲ್ಲಿ ಇದನ್ನು ವಿವರವಾಗಿ ಬರೆದರು. ಹಾಗಾಗಿ ದಿನಕ್ಕೆ ಹತ್ತು ನಿಮಿಷ ಕಸರತ್ತು ಮಾಡಿ, ಉಳಿದ ಹೊತ್ತೆಲ್ಲಾ ಬಾಯಿ ತೆರೆದುಕೊಂಡಿದ್ದರೆ ಏನೂ ಪ್ರಯೋಜನ ಇಲ್ಲ.

ಒಂದನೇ ಹೆಜ್ಜೆ: ಒಂದು ವಾರ ಬರೆದಿಡಿ

ಡಾಕ್ಟರ ಹತ್ತಿರ ಓಡುವ ಮೊದಲು ಒಂದು ಹಳೇ ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ಮೂರು ಹೊತ್ತು, ಎರಡೆರಡು ಸಾಲು ಸಾಕು. ಟಿವಿ ಮುಂದೆ, ಹೋಂವರ್ಕ್ ಮಾಡುವಾಗ, ನಿದ್ದೆಯಲ್ಲಿ ಬಾಯಿ ಹೇಗಿತ್ತು? ಊಟಕ್ಕೆ ಎಷ್ಟು ಹೊತ್ತು ಹಿಡಿಯಿತು? ಪ್ರತಿ ತುತ್ತಿಗೂ ನೀರು ಕುಡಿಯುತ್ತದಾ? ಅಗಿಯುವಾಗ ತುಟಿ ತೆರೆದು ಸದ್ದು ಬರುತ್ತದಾ? ನುಂಗುವಾಗ ಗಲ್ಲ (ಕೆಳತುಟಿಯ ಕೆಳಗಿನ ಭಾಗ) ಸುಕ್ಕುಗಟ್ಟಿ ನಿಂಬೆಹಣ್ಣಿನ ಸಿಪ್ಪೆಯ ಹಾಗೆ ಕಾಣುತ್ತದಾ? ಬೆರಳು ಚೀಪುತ್ತದಾ, ಉಗುರು ಕಚ್ಚುತ್ತದಾ, ಅಂಗಿಯ ಕಾಲರ್ ಬಾಯಲ್ಲಿ ಇಟ್ಟುಕೊಳ್ಳುತ್ತದಾ?

ರಾತ್ರಿ ಮಲಗಿ ಒಂದೆರಡು ಗಂಟೆ ಆದ ಮೇಲೆ ಫೋನಿನಲ್ಲಿ ಮೂರು ನಿಮಿಷ ವಿಡಿಯೋ ಮಾಡಿ. ಮುಖ ಮತ್ತು ಎದೆ ಎರಡೂ ಕಾಣಬೇಕು, ಉಸಿರಿನ ಸದ್ದು ಕೇಳಬೇಕು. ಇಎನ್‌ಟಿ ಡಾಕ್ಟರಿಗೆ ನಿಮ್ಮ ಹತ್ತು ಮಾತಿಗಿಂತ ಆ ವಿಡಿಯೋ ಜಾಸ್ತಿ ಹೇಳುತ್ತದೆ.

ವಯಸ್ಸನ್ನೂ ಲೆಕ್ಕಕ್ಕೆ ತಗೊಳ್ಳಿ. ಕೂಸು ನಾಲಿಗೆಯನ್ನು ಮುಂದೆ ತಳ್ಳಿಯೇ ನುಂಗುವುದು, ಅದು ಸಹಜ. ದೊಡ್ಡವರ ಹಾಗೆ ನುಂಗುವುದು ಹಲ್ಲು ಬಂದ ಮೇಲೆ ನಿಧಾನವಾಗಿ ರೂಢಿಯಾಗುತ್ತದೆ, ಸುಮಾರು ನಾಲ್ಕರಿಂದ ಆರು ವರ್ಷದೊಳಗೆ. ಒಂದೂವರೆ ಎರಡು ವರ್ಷದವರೆಗೆ ಜೊಲ್ಲು ಸುರಿಸುವುದೂ ಮಾಮೂಲು. ನಾಲ್ಕು ವರ್ಷ ದಾಟಿದ ಮೇಲೂ ಎಚ್ಚರವಿರುವಾಗ ಅಂಗಿ ಒದ್ದೆಯಾಗುತ್ತಿದ್ದರೆ ತೋರಿಸಬೇಕು.

ಕೆಲವು ಲಕ್ಷಣ ಕಂಡರೆ ಒಂದು ವಾರ ಕಾಯುವುದೂ ಬೇಡ. ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು ಆಮೇಲೆ ಗಕ್ಕನೆ ಎಳೆದುಕೊಳ್ಳುವುದು, ಉಸಿರಿಗೆ ಎದೆ ಒಳಗೆ ಸೆಳೆದುಕೊಳ್ಳುವುದು, ಕತ್ತು ಹಿಂದಕ್ಕೆ ಚಾಚಿ ಮಲಗುವುದು, ಊಟ ಮಾಡುವಾಗ ಪದೇಪದೇ ಕೆಮ್ಮಿ ಉಸಿರುಗಟ್ಟುವುದು, ತೂಕ ಏರದಿರುವುದು. ಇವು ಕಸರತ್ತಿನ ವಿಷಯಗಳಲ್ಲ, ಡಾಕ್ಟರ್ ತಕ್ಷಣ ನೋಡಬೇಕಾದವು. ವಾರದಲ್ಲಿ ಮೂರು ರಾತ್ರಿಗಿಂತ ಜಾಸ್ತಿ ಗೊರಕೆ ಹೊಡೆಯುವ ಮಗುವನ್ನೂ ತೋರಿಸಿ. "ಅವರಪ್ಪನೂ ಹೀಗೇ ಗೊರಕೆ ಹೊಡೀತಾನೆ" ಅಂತ ನಕ್ಕು ಬಿಡಬೇಡಿ.

ಎರಡನೇ ಹೆಜ್ಜೆ: ಮೂಗು

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ತಣ್ಣಗಿನ ಸ್ಟೀಲ್ ಚಮಚವನ್ನು ಮೂಗಿನ ಹೊಳ್ಳೆಗಳ ಕೆಳಗೆ ಹಿಡಿಯಿರಿ, ಬಾಯಿ ಮುಚ್ಚಿ ಉಸಿರು ಬಿಡಲು ಹೇಳಿ. ಎರಡು ಮಂಜಿನ ಗುರುತು ಮೂಡಬೇಕು. ಒಂದೇ ಮೂಡಿದರೆ ಒಂದು ಕಡೆ ಆ ಹೊತ್ತಿಗೆ ಕಟ್ಟಿದೆ ಎಂದರ್ಥ. ಇನ್ನೊಂದು, ಒಂದು ಗುಟುಕು ನೀರನ್ನು ಬಾಯಲ್ಲಿ ಹಿಡಿದು ನುಂಗದೆ ಒಂದು ನಿಮಿಷ ಮೂಗಿನಲ್ಲಿ ಉಸಿರಾಡುವುದು. ಐದು ವರ್ಷ ದಾಟಿದ ಮಗುವಿಗೆ ಮಾತ್ರ, ನೀವು ಎದುರಿಗೆ ಕೂತು ಮಾಡಿಸಿ. ಚಡಪಡಿಸಿದರೆ ತಕ್ಷಣ ಉಗುಳಿಸಿ. ಆರಾಮಾಗಿ ಮಾಡಿದರೆ ಮೂಗಿನ ದಾರಿ ಹೆಚ್ಚುಕಡಿಮೆ ತೆರೆದಿದೆ, ಬಾಯಿ ತೆರೆಯುವುದು ಅಭ್ಯಾಸಬಲ ಇರಬಹುದು. ಆಗದಿದ್ದರೆ ಕಸರತ್ತು ಶುರು ಮಾಡಬೇಡಿ, ಇಎನ್‌ಟಿ ಹತ್ತಿರ ಹೋಗಿ.

ಮಕ್ಕಳ ಮೂಗು ಕಟ್ಟಲು ಎರಡು ಕಾರಣ ಸಾಮಾನ್ಯ. ಒಂದು ಅಲರ್ಜಿ. ಬೆಂಗಳೂರಿನಲ್ಲಿ ಇರುವವರಿಗೆ ಇದು ಹೊಸದಾಗಿ ಹೇಳಬೇಕಾದ್ದಲ್ಲ. ಧೂಳು, ಕಾಂಗ್ರೆಸ್ ಗಿಡದ ಪರಾಗ, ಹಾಸಿಗೆಯ ಧೂಳುಹುಳು. ಮಗು ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಬೇಡ. ದಿಂಬಿನ ಕವರ್, ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಲಗುವ ಮುಂಚೆ ಉಪ್ಪುನೀರಿನ ನೇಸಲ್ ಡ್ರಾಪ್ಸ್ ಅಥವಾ ಸ್ಪ್ರೇ ಹಾಕಿ ಮೂಗು ಸೀನಿಸುವುದರಿಂದಲೂ ಬಹಳ ಮಕ್ಕಳಿಗೆ ಹಗುರಾಗುತ್ತದೆ. ಮೂಗು ಬಿಡಿಸುವ ಔಷಧಿ ಇರುವ ಡ್ರಾಪ್ಸ್ ಬೇರೆ, ಉಪ್ಪುನೀರು ಬೇರೆ. ಮೊದಲನೆಯದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ದಿನಗಟ್ಟಲೆ ಹಾಕಬೇಡಿ. ಮೂಗು ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಎರಡನೆಯದು ಅಡಿನಾಯ್ಡ್. ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ಇರುವ ಟಾನ್ಸಿಲ್‌ನಂಥ ಮೆತ್ತಗಿನ ಗಂಟು. ಸುಮಾರು ಮೂರರಿಂದ ಏಳು ವರ್ಷದ ಒಳಗೆ ಇದು ದೊಡ್ಡದಾಗಿರುತ್ತದೆ, ಆಮೇಲೆ ತಾನೇ ಕುಗ್ಗುತ್ತಾ ಬರುತ್ತದೆ. ಡಾಕ್ಟರ್ ಎಕ್ಸ್‌ರೇ ತೆಗೆಸಬಹುದು, ಅಥವಾ ಸಣ್ಣ ಕೊಳವೆಯ ಕ್ಯಾಮೆರಾದಿಂದ ನೋಡಬಹುದು. ಕೆಲವರಿಗೆ ಮೂಗಿನ ಸ್ಪ್ರೇಯಲ್ಲೇ ಕಡಿಮೆಯಾಗುತ್ತದೆ, ಕೆಲವರಿಗೆ ಆಪರೇಷನ್ ಬೇಕು. ನಮಗೆ ಸ್ಪ್ರೇ ಸಾಕಾಯಿತು. ಆಪರೇಷನ್ ಬೇಕು ಅಂದರೆ ಥೆರಪಿ ಮಾಡಿಸಿ ತಪ್ಪಿಸಿಕೊಳ್ಳೋಣ ಅಂತ ಯೋಚಿಸಬೇಡಿ. ಆಪರೇಷನ್ ಆದ ಮೇಲೂ ಎಷ್ಟೋ ಮಕ್ಕಳು ಹಳೆಯ ಅಭ್ಯಾಸದಿಂದ ಬಾಯಿ ತೆರೆದೇ ಇರುತ್ತಾರೆ. ಥೆರಪಿ ನಿಜಕ್ಕೂ ಕೆಲಸಕ್ಕೆ ಬರುವುದು ಆಗಲೇ.

ಇತ್ತೀಚೆಗೆ ಮಲಗುವಾಗ ಬಾಯಿಗೆ ಟೇಪ್ ಅಂಟಿಸುವ ವಿಡಿಯೋಗಳು ಬಹಳ ಓಡಾಡುತ್ತಿವೆ. ಮಕ್ಕಳಿಗೆ ಖಂಡಿತ ಮಾಡಬೇಡಿ. ಮೂಗು ಕಟ್ಟಿದರೆ, ವಾಂತಿ ಬಂದರೆ ಅವರ ಜೀವಕ್ಕೇ ಅಪಾಯ.

ಮೂರನೇ ಹೆಜ್ಜೆ: ಯಾರನ್ನು ನೋಡಬೇಕು

ಮೂಗಿಗೆ ಇಎನ್‌ಟಿ, ಹಲ್ಲು ಮತ್ತು ದವಡೆಗೆ ಮಕ್ಕಳ ದಂತವೈದ್ಯರು ಅಥವಾ ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್, ನಾಲಿಗೆ, ನುಂಗುವುದು ಮತ್ತು ಮಾತಿಗೆ ಸ್ಪೀಚ್ ಥೆರಪಿಸ್ಟ್. ಮೂವರೂ ಒಂದೇ ಕಟ್ಟಡದಲ್ಲಿ ಸಿಗುವುದು ಅಪರೂಪ. ಹಾಗಾಗಿ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವ ಕೆಲಸ ನಿಮ್ಮದೇ. ಒಂದು ಫೈಲ್ ಮಾಡಿ ಇಟ್ಟುಕೊಳ್ಳಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಯಿಷ್ ಅಂದರೆ ಊರಿನವರಿಗೆ ಗೊತ್ತು. ಮಾತು, ನುಂಗುವಿಕೆ ಎರಡಕ್ಕೂ ಅಲ್ಲಿ ತಜ್ಞರಿದ್ದಾರೆ, ಸೀಳುತುಟಿ ಮತ್ತು ಸೀಳು ಅಂಗುಳದ ಮಕ್ಕಳಿಗೆ ಬೇರೆಯೇ ಘಟಕ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸ್ಪೀಚ್ ಪೆಥಾಲಜಿ ವಿಭಾಗ ಇದೆ. ದೂರದ ಊರಿನವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ, ಎಲ್ಲಿದೆ ಅಂತ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ ಅದು. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗೆ ಮಕ್ಕಳನ್ನು ನೋಡಲು ಬರುವ ತಂಡದವರೂ ಅಲ್ಲಿಗೆ ಚೀಟಿ ಬರೆದುಕೊಡುತ್ತಾರೆ.

ಖಾಸಗಿ ಥೆರಪಿಸ್ಟ್ ಹತ್ತಿರ ಹೋದರೆ ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತಿನ) ನೋಂದಣಿ ಇದೆಯಾ? ಈ ಮಗುವಿಗೆ ಗುರಿ ಏನು, ಎಷ್ಟು ದಿನದಲ್ಲಿ ನೋಡೋಣ? ಎರಡನೇ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವವರು ಒಳ್ಳೆಯ ಥೆರಪಿಸ್ಟ್ ಅನ್ನುವುದು ನನ್ನ ಅನುಭವ.

ನಾಲ್ಕನೇ ಹೆಜ್ಜೆ: ನಾಲಿಗೆಯ ಜಾಗ

ಥೆರಪಿಸ್ಟ್‌ಗಳು ಇದನ್ನು ಸ್ಪಾಟ್ ಅನ್ನುತ್ತಾರೆ. ಕನ್ನಡ ಮಾತಾಡುವ ಮಗುವಿಗೆ ಇದನ್ನು ಕಲಿಸುವುದು ಬಹಳ ಸುಲಭ. "ಲಲಲ" ಅನ್ನಿಸಿ. ಹೇಳುತ್ತಾ ಹೇಳುತ್ತಾ ಥಟ್ಟನೆ ನಿಲ್ಲಿಸಲು ಹೇಳಿ. ನಾಲಿಗೆಯ ತುದಿ ಈಗ ಎಲ್ಲಿದೆಯೋ ಅದೇ ಜಾಗ, ಮೇಲಿನ ಮುಂದಿನ ಹಲ್ಲಿನ ಹಿಂದೆ ಒಸಡಿನ ಸಣ್ಣ ದಿಬ್ಬ. "ತ" ಅಂದಾಗ ನಾಲಿಗೆ ಹಲ್ಲಿಗೇ ತಾಗುತ್ತದೆ, ಅದು ಬೇಡ. "ಟ" ಅಂದಾಗ ಇನ್ನೂ ಹಿಂದಕ್ಕೆ ಹೋಗುತ್ತದೆ, ಅದೂ ಅಲ್ಲ. ನಮ್ಮ ಮಗಳು ಇದಕ್ಕೆ "ಲ ಜಾಗ" ಅಂತ ಹೆಸರಿಟ್ಟಳು, ಮನೆಯಲ್ಲಿ ಈಗಲೂ ಅದೇ ಹೆಸರು. ಚಿಕ್ಕ ಮಗುವಿಗೆ ಗೊತ್ತಾಗದಿದ್ದರೆ ತೊಳೆದ ಬೆರಳಿನಿಂದ ಆ ದಿಬ್ಬಕ್ಕೆ ಒಂದು ಚೂರು ಬೆಲ್ಲ ಒತ್ತಿ, ನಾಲಿಗೆಯ ತುದಿಯಿಂದ ತೆಗೆಯಲು ಹೇಳಿ. ಮೂರು ದಿನದಲ್ಲಿ ಬರುತ್ತದೆ.

ತುದಿ ಮಾತ್ರ ಅಲ್ಲ, ನಾಲಿಗೆಯ ಬೆನ್ನೂ ಅಂಗುಳಕ್ಕೆ ಹಗುರಾಗಿ ತಾಗಿರಬೇಕು. ತುಟಿ ಮುಚ್ಚಿರಬೇಕು, ಬಿಗಿಯಾಗಿ ಅಲ್ಲ. ಮೇಲಿನ ಕೆಳಗಿನ ಹಲ್ಲು ಕಚ್ಚಿರಬಾರದು, ಒಂದು ಕಾಗದ ತೂರುವಷ್ಟು ಸಡಿಲ ಇರಲಿ. ಉಸಿರು ಮೂಗಿನಲ್ಲಿ. ಇದೇ ಬಾಯಿಯ ವಿಶ್ರಾಂತಿಯ ಭಂಗಿ.

ಇದನ್ನು ದಿನವಿಡೀ ನೆನಪಿಸುವುದು ಹೇಗೆ? "ಬಾಯಿ ಮುಚ್ಚು, ಬಾಯಿ ಮುಚ್ಚು" ಅಂತ ಹೇಳುತ್ತಾ ಹೋದರೆ ಮಗುವಿಗೆ ಬೈದ ಹಾಗೆ ಕೇಳಿಸುತ್ತದೆ. ನಾನೂ ಮೊದಲು ಹಾಗೇ ಮಾಡಿದೆ. ಅವಳು ನನ್ನ ಎದುರು ಬರುವುದನ್ನೇ ಕಡಿಮೆ ಮಾಡಿದಳು. ಆಮೇಲೆ ಚುಕ್ಕಿ ಸ್ಟಿಕ್ಕರ್ ತಂದೆವು. ಟಿವಿಯ ಮೂಲೆಗೆ ಒಂದು, ಓದುವ ಮೇಜಿನ ಮೇಲೆ ಒಂದು, ಕನ್ನಡಿಗೆ ಒಂದು, ಪೆನ್ಸಿಲ್ ಡಬ್ಬಿಗೆ ಒಂದು. ಚುಕ್ಕಿ ಕಂಡಾಗಲೆಲ್ಲಾ ನಾಲಿಗೆ ಲ ಜಾಗಕ್ಕೆ ಹೋಗಬೇಕು. ಮನೆಯಲ್ಲಿ ಎಲ್ಲರಿಗೂ ಅದೇ ನಿಯಮ. ನಾನು ಬಾಯಿ ತೆರೆದಿದ್ದರೆ ಅವಳೇ ಚುಕ್ಕಿ ತೋರಿಸುತ್ತಿದ್ದಳು. ಅತ್ತೆಯನ್ನೂ ಬಿಡಲಿಲ್ಲ.

ಐದನೇ ಹೆಜ್ಜೆ: ಕಸರತ್ತು

ಮಗು ಹೇಳಿದ್ದನ್ನು ಅರ್ಥ ಮಾಡಿಕೊಂಡು ಕನ್ನಡಿ ನೋಡಿ ಮಾಡುವ ವಯಸ್ಸು ಬರಬೇಕು. ಸುಮಾರು ಐದಾರು ವರ್ಷ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಬೆಳಗ್ಗೆ ಹಲ್ಲುಜ್ಜಿದ ಮೇಲೆ, ರಾತ್ರಿ ಹಲ್ಲುಜ್ಜಿದ ಮೇಲೆ. ಬೇರೆ ಸಮಯ ಹುಡುಕಲು ಹೋದರೆ ತಪ್ಪಿಹೋಗುತ್ತದೆ. ಒಂದೇ ಸಲ ಎಲ್ಲವನ್ನೂ ಬೇಡ. ಎರಡು ಕಸರತ್ತು ಎರಡು ವಾರ, ಅವು ಸರಿಯಾಗಿ ಬಂದ ಮೇಲೆ ಮುಂದಿನದು. ಯಾವುದು ಬೇಕು, ಯಾವುದು ಬೇಡ ಅಂತ ಥೆರಪಿಸ್ಟ್ ಹೇಳುತ್ತಾರೆ. ಸಾಮಾನ್ಯವಾಗಿ ಕೊಡುವಂಥವು ಇವು.

ಕುದುರೆ ಗೊರಸಿನ ಸದ್ದು. ನಾಲಿಗೆಯನ್ನು ಪೂರ್ತಿ ಅಂಗುಳಕ್ಕೆ ಅಂಟಿಸಿ, ಟಕ್ ಅಂತ ಬಿಡಿಸುವುದು. ಹದಿನೈದು ಸಲ. ಸದ್ದು ಗಟ್ಟಿಯಾಗಿ, ದುಂಡಾಗಿ ಬರಬೇಕು. ಮಂದವಾಗಿ ಬಂದರೆ ನಾಲಿಗೆಯ ತುದಿ ಮಾತ್ರ ಅಂಟುತ್ತಿದೆ ಎಂದರ್ಥ.

ಅಂಟಿಸಿ ಹಿಡಿಯುವುದು. ಮೇಲಿನಂತೆಯೇ ಅಂಟಿಸಿ, ಬಿಡಿಸದೆ, ಬಾಯಿ ನಿಧಾನಕ್ಕೆ ಅಗಲಿಸುವುದು. ನಾಲಿಗೆಯ ಕೆಳಗಿನ ಎಳೆ ಬಿಗಿಯಾಗಿ ಕಾಣುತ್ತದೆ. ಐದು ಎಣಿಸುವವರೆಗೆ ಹಿಡಿದು ಬಿಡಿ. ವಾರ ಕಳೆದ ಹಾಗೆ ಹತ್ತಕ್ಕೆ ಏರಿಸಿ. ಎಲ್ಲಾ ಕಸರತ್ತುಗಳಲ್ಲಿ ನನಗೆ ಇದರ ಮೇಲೇ ನಂಬಿಕೆ ಜಾಸ್ತಿ. ನಾಲಿಗೆ ಎಲ್ಲಿರಬೇಕೋ ಅಲ್ಲೇ ಅದಕ್ಕೆ ಬಲ ಬರುವುದು ಇದರಿಂದ.

ತುಟಿಯಲ್ಲಿ ಕಡ್ಡಿ. ಐಸ್‌ಕ್ರೀಮ್ ಕಡ್ಡಿಯನ್ನು ತುಟಿಗಳ ನಡುವೆ ಅಡ್ಡ ಹಿಡಿಯುವುದು. ಹಲ್ಲಿನಲ್ಲಿ ಕಚ್ಚಬಾರದು. ಒಂದು ನಿಮಿಷದಿಂದ ಶುರು ಮಾಡಿ ಐದಕ್ಕೆ. ಕಥೆ ಕೇಳುತ್ತಾ, ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಮಾಡಬಹುದು. ಕೂತಲ್ಲೇ ಮಾಡಬೇಕು, ಕಡ್ಡಿ ಬಾಯಲ್ಲಿಟ್ಟು ಓಡಬಾರದು.

ಗುಂಡಿ ಎಳೆಯುವ ಆಟ. ಕೋಟಿನ ದೊಡ್ಡ ಗುಂಡಿ ಬೇಕು, ಅಂಗಿಯದ್ದಲ್ಲ. ಎರಡು ತೂತಿನಲ್ಲೂ ಗಟ್ಟಿ ದಾರ ಪೋಣಿಸಿ ಬಿಗಿಯಾಗಿ ಗಂಟು ಹಾಕಿ, ಎಳೆದು ಪರೀಕ್ಷೆ ಮಾಡಿ. ಗುಂಡಿಯನ್ನು ಹಲ್ಲಿಗೂ ತುಟಿಗೂ ನಡುವೆ ಇಟ್ಟು ತುಟಿ ಮುಚ್ಚಿಸಿ, ದಾರವನ್ನು ನೀವು ಮೆತ್ತಗೆ ಎಳೆಯಿರಿ. ಮಗು ತುಟಿಯಿಂದ ಹಿಡಿದುಕೊಳ್ಳಬೇಕು. ಐದು ಸಲ. ದಾರ ಸದಾ ನಿಮ್ಮ ಕೈಯಲ್ಲೇ ಇರಲಿ, ಆಟ ಮುಗಿದ ತಕ್ಷಣ ಗುಂಡಿ ಎತ್ತಿಡಿ. ಮನೆಯಲ್ಲಿ ಅದಕ್ಕಿಂತ ಚಿಕ್ಕ ಮಗು ಇದ್ದರೆ ಇನ್ನೂ ಹುಷಾರು.

ನುಂಗುವುದು. ಇದು ಕೊನೆಗೆ. ಒಂದು ಸಣ್ಣ ಗುಟುಕು ನೀರು. ನಾಲಿಗೆಯ ತುದಿ ಲ ಜಾಗದಲ್ಲಿ, ಹಿಂದಿನ ಹಲ್ಲು ಕೂಡಿಸಿ, ತುಟಿ ಸ್ವಲ್ಪ ಅಗಲಿಸಿ ನಗುವ ಹಾಗೆ ಮಾಡಿ ನುಂಗುವುದು. ತುಟಿ ಸಹಾಯ ಮಾಡದಿದ್ದಾಗ ನಾಲಿಗೆಯೇ ಕೆಲಸ ಮಾಡಬೇಕಾಗುತ್ತದೆ. ಮೊದಲ ವಾರ ನೀರೆಲ್ಲಾ ಅಂಗಿ ಮೇಲೆ, ಅದಕ್ಕೆ ಬಚ್ಚಲಲ್ಲೇ ಮಾಡಿಸಿ. ದಿನಕ್ಕೆ ಹತ್ತು ಗುಟುಕು ಸಾಕು. ಸರಿಹೋದ ಮೇಲೆ ತುಟಿ ಮುಚ್ಚಿ, ಆಮೇಲೆ ಮೊಸರು, ಆಮೇಲೆ ಬಾಳೆಹಣ್ಣು, ಕೊನೆಗೆ ಊಟದ ಮೊದಲ ಐದು ತುತ್ತು.

ಜಪಾನಿನ ಮಕ್ಕಳು ಮಾಡುವ ಒಂದು ಕಸರತ್ತು ನಮ್ಮ ಸ್ವರಾಕ್ಷರಗಳಿಗೆ ಚೆನ್ನಾಗಿ ಹೊಂದುತ್ತದೆ. ಫುಕುವೋಕಾದ ವೈದ್ಯ ಇಮಾಯಿ ಕಜುವಾಕಿ ರೂಪಿಸಿದ್ದು. "ಆ" ಅಂತ ಬಾಯಿ ದೊಡ್ಡದಾಗಿ, "ಈ" ಅಂತ ತುಟಿ ಅಗಲಿಸಿ, "ಊ" ಅಂತ ತುಟಿ ಮುಂದಕ್ಕೆ ಚೂಪಾಗಿಸಿ, "ಬೇ" ಅಂತ ನಾಲಿಗೆಯನ್ನು ಗಲ್ಲದ ಕಡೆಗೆ ಚಾಚುವುದು. ದಿನಕ್ಕೆ 30 ಸಲ ಅಂತ ಅಲ್ಲಿ ಹೇಳುತ್ತಾರೆ. ಸದ್ದು ಮಾಡಬೇಕೆಂದಿಲ್ಲ, ಆದರೆ ಮಕ್ಕಳು ಸದ್ದು ಮಾಡದೆ ಬಿಡುವುದಿಲ್ಲ. ಜಪಾನಿನಲ್ಲಿ 2018ರಿಂದ ಮಕ್ಕಳ ಬಾಯಿಯ ಕೆಲಸ ಸರಿಯಾಗಿ ಬೆಳೆಯದಿರುವುದನ್ನು ಒಂದು ತೊಂದರೆ ಎಂದು ಹೆಸರಿಟ್ಟು ಆರೋಗ್ಯ ವಿಮೆಯಲ್ಲಿ ಸೇರಿಸಿದ್ದಾರೆ. ನಮ್ಮಲ್ಲಿ ಇದು ಹೆಚ್ಚಾಗಿ ಮನೆಯವರ ಜೇಬಿನಿಂದಲೇ ಆಗಬೇಕು ಅನ್ನುವುದು ನನಗೆ ಬೇಜಾರಿನ ವಿಷಯ.

ತಟ್ಟೆಯಲ್ಲೂ ಥೆರಪಿ ಇದೆ

ನಮ್ಮ ಮನೆಯಲ್ಲಿ ಮಗಳು ಬೇಗ ತಿನ್ನಲಿ ಅಂತ ನಾಲ್ಕು ವರ್ಷದವರೆಗೂ ಅನ್ನ ಸಾರನ್ನು ಮಿದ್ದು ಮಿದ್ದು ಕೊಟ್ಟೆವು. ಮುದ್ದೆಯಂತೂ ನುಂಗುವ ಊಟವೇ, ಅಗಿಯುವುದಲ್ಲ. ಮುದ್ದೆ ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ದಿನಕ್ಕೆ ಒಂದು ಹೊತ್ತಾದರೂ ಹಲ್ಲಿಗೆ ಕೆಲಸ ಕೊಡುವ ತಿಂಡಿ ಇರಲಿ. ಅಕ್ಕಿರೊಟ್ಟಿ, ಜೋಳದ ರೊಟ್ಟಿ, ಸೀಬೆಕಾಯಿ, ಸೌತೆಕಾಯಿ, ಹಸಿ ಕೊಬ್ಬರಿ ಚೂರು, ಬೇಯಿಸಿದ ಕಡಲೆಕಾಳು. ಉತ್ತರ ಕರ್ನಾಟಕದ ಕಡೆಯವರಿಗೆ ಖಡಕ್ ರೊಟ್ಟಿ ಮನೆಯಲ್ಲೇ ಇದೆ. ಸಂಕ್ರಾಂತಿಗೆ ಕಬ್ಬು ತಂದಾಗ ತುಂಡು ಮಾಡಿ ಕೊಡುವ ಬದಲು ದೊಡ್ಡ ಮಕ್ಕಳಿಗೆ ಸಿಗಿದು ತಿನ್ನಲು ಬಿಡಿ.

ಎರಡೂ ಕಡೆಯ ಹಲ್ಲಿನಲ್ಲಿ ಅಗಿಯುವುದನ್ನು ಕಲಿಸಿ. ತುತ್ತು ಚಿಕ್ಕದು, ತುಟಿ ಮುಚ್ಚಿ ಅಗಿಯುವುದು, ನುಂಗಿದ ಮೇಲೆ ನೀರು. ಒಂದೇ ಕಡೆ ಅಗಿಯುತ್ತಿದ್ದರೆ ಇನ್ನೊಂದು ಕಡೆ ಹುಳುಕು ಹಲ್ಲಿದೆಯಾ ನೋಡಿಸಿ. ಆ ಒಂದು ಹಲ್ಲು ಸರಿಮಾಡಿಸಿದರೆ ಸಾಕು, ಕಸರತ್ತೇ ಬೇಡವಾಗಬಹುದು. ನಾಲ್ಕು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಕೊಬ್ಬರಿ ಚೂರು ಬೇಡ. ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ.

ಬೆರಳು ಚೀಪುವುದು

ಬಹಳ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವೇ ಬಿಡುತ್ತಾರೆ. ಕಾಯಂ ಹಲ್ಲು ಬರುವ ಮುಂಚೆ, ಅಂದರೆ ಆರು ವರ್ಷದೊಳಗೆ ಬಿಟ್ಟರೆ ಮುಂದಿನ ಹಲ್ಲಿನ ಸಂದು ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಬೇವಿನೆಣ್ಣೆ, ಮೆಣಸಿನಪುಡಿ ಹಚ್ಚುವುದು ನಮ್ಮ ಕಡೆ ಹಳೇ ಪದ್ಧತಿ. ಮೆಣಸಿನಪುಡಿ ದಯವಿಟ್ಟು ಬೇಡ, ಅದೇ ಕೈಯಲ್ಲಿ ಮಗು ಕಣ್ಣು ಉಜ್ಜಿಕೊಳ್ಳುತ್ತದೆ. ನಾಚಿಕೆಪಡಿಸುವುದೂ ಬೇಡ. ಯಾವಾಗ ಚೀಪುತ್ತದೆ ಅಂತ ಗಮನಿಸಿ. ನಿದ್ದೆ ಬಂದಾಗಲಾ, ಬೇಜಾರಾದಾಗಲಾ? ಆ ಹೊತ್ತಿನಲ್ಲಿ ಕೈಗೆ ಬೇರೇನಾದರೂ ಕೊಡಿ. ರಾತ್ರಿ ಹೆಬ್ಬೆರಳಿಗೆ ಮೆತ್ತನೆ ಬಟ್ಟೆ ಸುತ್ತುವುದನ್ನು ಮಗು ಒಪ್ಪಿದರೆ ಮಾತ್ರ ಮಾಡಿ. ಬೆರಳು ಬಾಯಲ್ಲಿ ಇರುವಷ್ಟು ದಿನ ನಾಲಿಗೆ ಮೇಲೆ ಹೋಗಲು ಜಾಗವೇ ಇರುವುದಿಲ್ಲ. ಹಾಗಾಗಿ ಇದೂ ಕಸರತ್ತಿಗಿಂತ ಮೊದಲಿನ ಕೆಲಸ.

ಮಾತು ಸರಿಹೋಗುತ್ತದಾ?

ಬಹಳ ಜನ ಇದಕ್ಕಾಗಿಯೇ ಥೆರಪಿಗೆ ಬರುತ್ತಾರೆ. ಪೀಪಿ ಊದಿಸಿ, ಸೋಪಿನ ಗುಳ್ಳೆ ಬಿಡಿಸಿ, ನಾಲಿಗೆ ಎಡಕ್ಕೆ ಬಲಕ್ಕೆ ಆಡಿಸಿ, "ರ" ಬರುತ್ತದೆ ಅಂತ ಕಾಯುತ್ತಾರೆ. ಆದರೆ ಮಾತಿನ ಸದ್ದು ಸರಿಹೋಗಲು ಆ ಸದ್ದನ್ನೇ ಅಭ್ಯಾಸ ಮಾಡಬೇಕು. ಊದುವುದರಿಂದ ಊದುವುದು ಚೆನ್ನಾಗಿ ಬರುತ್ತದೆ, "ರ" ಬರುವುದಿಲ್ಲ. ಬರೀ ಬಾಯಿ ಕಸರತ್ತಿನಿಂದ ಉಚ್ಚಾರ ಸುಧಾರಿಸುತ್ತದೆ ಅನ್ನುವುದಕ್ಕೆ ಸಂಶೋಧನೆಯ ಬೆಂಬಲ ಇಲ್ಲ. "ಸ" ಅನ್ನುವಾಗ ನಾಲಿಗೆ ಹಲ್ಲಿನ ನಡುವೆ ಹೊರಬರುವ ಮಗುವಿಗೆ ನಾಲಿಗೆಯ ಜಾಗ ಕಲಿತದ್ದು ಸ್ವಲ್ಪ ಅನುಕೂಲ ಮಾಡಿಕೊಡಬಹುದು. ಆದರೂ "ಸ", "ಸರ", "ಬಸ್ಸು" ಅಂತ ಸ್ಪೀಚ್ ಥೆರಪಿಯಲ್ಲಿ ಬೇರೆಯಾಗಿ ಕೂರಲೇಬೇಕು. ಇನ್ನು "ರ", "ಳ" ಮಕ್ಕಳಿಗೆ ತಡವಾಗಿ ಬರುವ ಅಕ್ಷರಗಳು. ಮೂರು ವರ್ಷದ ಮಗು "ಮರ" ಅನ್ನುವುದಕ್ಕೆ "ಮಲ" ಅಂದರೆ ಗಾಬರಿ ಬೇಡ.

ನಾಲಿಗೆಯ ಕೆಳಗಿನ ಎಳೆ ಗಿಡ್ಡ ಇದೆ, ಕತ್ತರಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ತಜ್ಞರನ್ನೂ ಕೇಳಿ. ಎಳೆ ಗಿಡ್ಡವಿದ್ದೂ ಸ್ಪಷ್ಟವಾಗಿ ಮಾತಾಡುವ ಮಕ್ಕಳು ಬೇಕಾದಷ್ಟಿದ್ದಾರೆ. ನಾಲಿಗೆ ಏನು ಮಾಡಬಲ್ಲದು ಅನ್ನುವುದನ್ನು ನೋಡಿ ತೀರ್ಮಾನ ಮಾಡಬೇಕು, ಎಳೆಯ ಉದ್ದ ನೋಡಿ ಅಲ್ಲ.

ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು

ಸ್ನಾಯುಗಳ ಬಿಗಿ, ಹತೋಟಿ ಬೇರೆ ಥರ ಇರುವ ಈ ಮಕ್ಕಳಿಗೆ ಮೇಲೆ ಹೇಳಿದ ಕಸರತ್ತುಗಳನ್ನು ನೋಡಿಕೊಂಡು ಮನೆಯಲ್ಲೇ ಶುರು ಮಾಡಬೇಡಿ. ಅವರಿಗೆ ಮೊದಲು ಬೇಕಾಗಿರುವುದು ಕೂರುವ ಭಂಗಿ. ಬೆನ್ನು ನೇರ, ಪಾದಕ್ಕೆ ಆಸರೆ, ತಲೆ ಹಿಂದಕ್ಕೆ ವಾಲದ ಹಾಗೆ. ಮಲಗಿಸಿಕೊಂಡು ಬಾಯಿಗೆ ಹುಯ್ಯುವುದು ಅಪಾಯ, ಆಹಾರ ಶ್ವಾಸಕೋಶಕ್ಕೆ ಹೋಗಬಹುದು. ಅರ್ಜೆಂಟೀನಾದ ವೈದ್ಯ ರೊಡೊಲ್ಫೊ ಕಾಸ್ಟಿಲೊ ಮೊರಾಲೆಸ್ ಇಂಥ ಮಕ್ಕಳಿಗಾಗಿಯೇ ಕೈಯಿಂದ ಮುಖದ ಸ್ನಾಯುಗಳನ್ನು ಪ್ರಚೋದಿಸುವ ವಿಧಾನ ಮತ್ತು ಅಂಗುಳಕ್ಕೆ ಕೂರಿಸುವ ಸಣ್ಣ ಪ್ಲೇಟನ್ನು ರೂಪಿಸಿದರು. ಅದನ್ನು ಮಾಡುವುದು ತರಬೇತಿ ಪಡೆದವರ ಕೈಯಲ್ಲಿ ಮಾತ್ರ. ಮನೆಯವರು ತಜ್ಞರ ಪಕ್ಕದಲ್ಲಿ ನಿಂತು, ಅವರ ಕೈ ನೋಡಿ ಕಲಿಯಬೇಕು. ಈ ತಾಯಂದಿರು ಪಡುವ ಶ್ರಮದ ಮುಂದೆ ನನ್ನದು ಏನೂ ಅಲ್ಲ.

ಎಷ್ಟು ದಿನ, ಎಷ್ಟು ಫಲ?

ಇಲ್ಲಿ ದೊಡ್ಡ ಮಾತು ಹೇಳಲಾರೆ. ಈ ಥೆರಪಿಯ ಮೇಲಿನ ಅಧ್ಯಯನಗಳು ಬಹಳಷ್ಟು ಚಿಕ್ಕವು. ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆಗೆ ಈ ಕಸರತ್ತುಗಳು ಎಷ್ಟು ಸಹಾಯ ಮಾಡುತ್ತವೆ ಅಂತ 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಉಸಿರು ನಿಲ್ಲುವುದು ಮಕ್ಕಳಲ್ಲಿ ಸುಮಾರು 62 ಶೇಕಡಾ ಕಡಿಮೆಯಾಗಿತ್ತು. ಕೇಳಲು ದೊಡ್ಡದು, ಆದರೆ ಅದರಲ್ಲಿ ಇದ್ದ ಮಕ್ಕಳು 25 ಮಾತ್ರ. ಹಾಗಾಗಿ "ಕ್ಲಿಪ್ಪೇ ಬೇಡ, ಆಪರೇಷನ್ನೇ ಬೇಡ, ಮುಖವೇ ಬದಲಾಗುತ್ತದೆ" ಅನ್ನುವವರ ಮಾತು ನಂಬಬೇಡಿ. ಇದು ಬೇರೆ ಚಿಕಿತ್ಸೆಯ ಜೊತೆಗೆ ನಿಲ್ಲುವ ಕೆಲಸ. ಕ್ಲಿಪ್ ಹಾಕಿಸಿ ಹಲ್ಲು ಸರಿಯಾದ ಮೇಲೆ ನಾಲಿಗೆ ಹಳೇ ಜಾಗದಲ್ಲೇ ಇದ್ದರೆ ಹಲ್ಲು ಮತ್ತೆ ಸರಿಯಬಹುದು. ಆಗಲೂ ಇದು ಬೇಕಾಗುತ್ತದೆ.

ನಮಗೆ ಸ್ಪ್ರೇಯಿಂದ ಮೂಗು ತೆರೆಯಲು ಎರಡು ತಿಂಗಳು, ಆಮೇಲೆ ಥೆರಪಿ ಏಳು ತಿಂಗಳು. ಮೊದಲ ಎರಡು ತಿಂಗಳು ಪ್ರತಿ ವಾರ, ಆಮೇಲೆ ಹದಿನೈದು ದಿನಕ್ಕೊಮ್ಮೆ. ನಡುವೆ ಪರೀಕ್ಷೆ, ಜ್ವರ, ಅಜ್ಜಿಯ ಊರು ಅಂತ ಎಷ್ಟೋ ದಿನ ತಪ್ಪಿತು. ತಪ್ಪಿದ ದಿನಕ್ಕೆ ಮರುದಿನ ಎರಡರಷ್ಟು ಮಾಡಿಸಬೇಡಿ. ತಪ್ಪಿತು, ಅಷ್ಟೇ. ಮರುದಿನ ಮಾಮೂಲಿನಂತೆ ಮಾಡಿ.

ತಿಂಗಳಿಗೊಮ್ಮೆ ಅದೇ ಕಿಟಕಿಯ ಹತ್ತಿರ ನಿಲ್ಲಿಸಿ ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಯಿರಿ, ರಾತ್ರಿಯ ವಿಡಿಯೋವನ್ನೂ ಮಾಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ನಾಲ್ಕನೇ ತಿಂಗಳಿನ ಫೋಟೋವನ್ನು ಮೊದಲನೆಯದರ ಪಕ್ಕ ಇಟ್ಟಾಗಲೇ ನನಗೆ ಅವಳ ತುಟಿ ಮುಚ್ಚಿರುವುದು ಗೊತ್ತಾಗಿದ್ದು. ಹಾಗಂತ ಅವತ್ತೇ ಚುಕ್ಕಿ ಸ್ಟಿಕ್ಕರ್ ಕೀಳಬೇಡಿ. ಥೆರಪಿಸ್ಟ್ ಕಸರತ್ತನ್ನು ದಿನ ಬಿಟ್ಟು ದಿನಕ್ಕೆ, ಆಮೇಲೆ ವಾರಕ್ಕೆ ಇಳಿಸುತ್ತಾ ಬರುತ್ತಾರೆ. ಆಮೇಲೂ ಒಂದು ನೆಗಡಿ ಬಂದರೆ ಬಾಯಿ ಮತ್ತೆ ತೆರೆಯುತ್ತದೆ, ಅದಕ್ಕೆ ಹೆದರಬೇಡಿ. ನೆಗಡಿ ಇರುವಾಗ ಕಸರತ್ತು ನಿಲ್ಲಿಸಿ. ಹೋದ ಮೇಲೆ ಒಂದು ವಾರ ಮತ್ತೆ ಕನ್ನಡಿ ಮುಂದೆ ನಿಲ್ಲಿಸಿ, ಚಮಚದ ಪರೀಕ್ಷೆಯಿಂದ ಶುರು ಮಾಡಿ.